ಕೈ ಸಿಗಲಿಲ್ಲ

ಕಾರ್ಲೆ ಕೆಲಸಕ್ಕೆ ಸೇರಿದ ದಿನ ಪಂಪು ಕಾರ್ಖಾನೆಯವರು ಎಲ್ಲರಿಗೂ ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ಗಂಟು ಬ್ರೆಡ್ಡು ಹಂಚಿದರು. ಜೊತೆಗೆ ಹಬೆಯಾಡುವ ಮಾಂಸದ ತುಂಡು, ಸಿಹಿ ಸಾಸಿವೆ. ನೆಕ್ಕರ್ ನದಿ ದಂಡೆಯ ಆ ಊರುಗಳಲ್ಲಿ ಹೊಸದಾಗಿ ಸೇರಿದವರು ತಮ್ಮ ಖರ್ಚಿನಲ್ಲಿ ಜೊತೆಗಾರರಿಗೆ ತಿಂಡಿ ಕೊಡಿಸಬೇಕು. ಕೊಡಿಸಿದ ಮೇಲೆಯೇ ಅವನು ನಮ್ಮವನು. ಕಾರ್ಲೆಗೆ ಜೇಬಿಲ್ಲ, ಆದ್ದರಿಂದ ಅವನ ಪರವಾಗಿ ಆಡಳಿತವೇ ಕೊಡಿಸಿತು. ಜೇಬು ಮಾತ್ರವಲ್ಲ, ಅವನಿಗೆ ತಲೆಯೂ ಇಲ್ಲ, ಹೊಟ್ಟೆಯೂ ಇಲ್ಲ. ಮೇಜಿಗೆ ಬಿಗಿದ ಒಂದು ಬಿಳಿ ಲೋಹದ ತೋಳು, ಅಷ್ಟೆ. ಸಾಲಿನ ಪ್ರತಿ ಮೇಜಿಗೂ ಒಂದೊಂದು ತೋಳು ಬಂದಿತ್ತು. ಎಲ್ಲಕ್ಕೂ ಕಾರ್ಲೆ ಎಂದೇ ಹೆಸರಿಟ್ಟಿದ್ದರು. ತೊಟ್ಟಿಲ ಕೂಸನ್ನು ಕರೆಯುವಂಥ ಮುದ್ದು ಹೆಸರು.

"ನಮ್ಮ ಹೊಸ ಸಹೋದ್ಯೋಗಿನ ಪ್ರೀತಿಯಿಂದ ನೋಡ್ಕೊಳ್ಳಿ" ಎಂದು ಮೇಸ್ತ್ರಿ ಶ್ವೆಂಕ್ ಭಾಷಣ ಮಾಡಿದ. ಹೇಳುತ್ತಾ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಹೆಂಡತಿ ಹೆತ್ತಾಗಲೂ ಆ ಮನುಷ್ಯ ಅಷ್ಟು ಕರಗಿದ್ದನೋ ಇಲ್ಲವೋ.

ರಾದ್ಕಾ ಇಲಿಯೆವಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಬಲ್ಗೇರಿಯದ ಹಳ್ಳಿಯಿಂದ ಬಂದವಳು, ಐವತ್ತು ದಾಟಿದ ಹೆಂಗಸು. ಆ ಷೆಡ್ಡಿಗೆ ಅವಳು ಬಂದು ಎಷ್ಟೋ ವರ್ಷವಾಗಿತ್ತು. ಬಂದ ಮೊದಲ ವಾರ ಅವಳೂ ಪದ್ಧತಿ ಕೇಳಿ ತಿಳಿದು, ಕೋಳಿ ಕೂಗುವ ಮುಂಚೆ ಎದ್ದು, ತನ್ನೂರಿನ ಪದರು ರೊಟ್ಟಿ, ಗಿಣ್ಣು ತುಂಬಿದ ಬಾನಿತ್ಸ ಬೇಯಿಸಿ ದೊಡ್ಡ ತಟ್ಟೆಯಲ್ಲಿ ಹೊತ್ತು ತಂದಿದ್ದಳು. ಶ್ವೆಂಕ್ ತಟ್ಟೆಯ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದ್ದ.

"ನೀನು ಗುತ್ತಿಗೆಯವಳಲ್ವೇನಮ್ಮ? ತಿಂಡಿ ಕೊಡ್ಸೋದು ಕಂಪನಿಗೆ ಸೇರಿದವ್ರು. ನೀನು ಸೇರಿಲ್ಲ. ಸುಮ್ನೆ ಬರ್ತಿದ್ದೀಯ, ಅಷ್ಟೆ."

ಆ ಬಾನಿತ್ಸವನ್ನು ಸಂಜೆ ಬಸ್ ನಿಲ್ದಾಣದಲ್ಲಿ ಪಕ್ಕದ ಮೇಜಿನ ನೆಬಿಯೆ ಮತ್ತು ಅವಳು ಕೂತು ತಿಂದರು. ತಣ್ಣಗಾಗಿತ್ತು. ನೆಬಿಯೆಯ ಅಪ್ಪ ತುರ್ಕಿಯಿಂದ ಬಂದು ಅದೇ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡವನು. ಅವಳು ಹುಟ್ಟಿದ್ದೇ ಅಲ್ಲಿ, ಕಾಯಂ ನೌಕರಿ ಇತ್ತು, ನಾಲಿಗೆ ಉದ್ದವಿತ್ತು. "ಸುಮ್ನೆ ಬರ್ತಿದ್ದೀಯಂತೆ ಕಣೇ" ಎಂದು ನಕ್ಕಿದ್ದಳು. "ನಾಳೆಯಿಂದ ಸುಮ್ನೆ ಬಂದು ಸುಮ್ನೆ ಕೂತ್ಕೋ."

ರಾದ್ಕಾ ಅಂದಿನಿಂದ ಸುಮ್ಮನೆ ಬರುತ್ತಲೇ ಇದ್ದಳು. ಸುಮ್ಮನೆ ಬಂದು ಪಂಪಿನ ಹೊಟ್ಟೆ ಹೊತ್ತಳು, ಸುಮ್ಮನೆ ಬೋಲ್ಟು ಬಿಗಿದಳು, ಸುಮ್ಮನೆ ಪ್ರೆಸ್ ಯಂತ್ರಕ್ಕೆ ತಗಡು ಉಣ್ಣಿಸಿದಳು. ಒಂದು ದಿನ ಆ ಯಂತ್ರಕ್ಕೆ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಉಣ್ಣಿಸಿದಳು. ಕೈ ಒಳಗೆ ಹೋಗದಂತೆ ಯಂತ್ರಕ್ಕೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಕೆಲಸ ನಿಧಾನವಾಗುತ್ತದೆ ಎಂದು ಅದನ್ನು ಬಿಚ್ಚಿಸಿದವನು ಶ್ವೆಂಕ್. ವಿಚಾರಣೆಗೆ ಬಂದವರ ಮುಂದೆ "ಅವಳೇ ಬಿಚ್ಚಿಕೊಂಡಳು" ಎಂದವನೂ ಶ್ವೆಂಕ್. ಮರುದಿನ ಜಾಲರಿ ಜಾಗಕ್ಕೆ ಬಂತು. ಬೆರಳು ಬರಲಿಲ್ಲ. ಗುತ್ತಿಗೆಯವಳ ಬೆರಳಾದ್ದರಿಂದ ಅದು ಕಾರ್ಖಾನೆಯ ಅಪಘಾತದ ಬೋರ್ಡಿಗೂ ಏರಲಿಲ್ಲ. "ಅಪಘಾತವಿಲ್ಲದ ವರ್ಷ" ಎಂದು ಆ ಡಿಸೆಂಬರಿನಲ್ಲಿ ಎಲ್ಲರಿಗೂ ಒಂದೊಂದು ವೈನ್ ಬಾಟಲಿ ಕೊಟ್ಟರು. ಕಾಯಂ ಆದವರಿಗೆ.

ಈಗ ಕಾರ್ಲೆ ಬಂದ ಮೇಲೆ ಹೊಸ ಮಾತು ಹುಟ್ಟಿತು. ಕಾರ್ಲೆಯ ಸಾಲಿನಲ್ಲಿ ಬೇಸಿಗೆ ರಜೆಯವರೆಗೆ ಸರಿಯಾಗಿ ದುಡಿದ ಗುತ್ತಿಗೆಯವರನ್ನೆಲ್ಲ ಕಾಯಂ ಮಾಡುತ್ತಾರಂತೆ. ಶ್ವೆಂಕ್ ತಾನೇ ಬಾಯಿಬಿಟ್ಟು ಹೇಳಿದ. ರಾದ್ಕಾ ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಕಾಯಂ ಎಂದರೆ ಜ್ವರ ಬಂದ ದಿನ ಹಾಸಿಗೆಯಲ್ಲಿ ಮಲಗಬಹುದು. ಕಾಯಂ ಎಂದರೆ ಶುಕ್ರವಾರ ಸಂಜೆ "ಸೋಮವಾರ ಬರಬೇಡ" ಎಂಬ ಫೋನಿಗೆ ಹೆದರದೆ ಸೂಪು ಕುಡಿಯಬಹುದು. ಅವಳಿಗೆ ಅಷ್ಟೇ ಬೇಕಿತ್ತು.

ಸಾಲಿನ ಎಲ್ಲರಿಗೂ ಒಂದೊಂದು ಕನ್ನಡಕ ಕೊಟ್ಟರು. ಹಾಕಿಕೊಂಡರೆ ಎದುರಿಗಿರುವುದರ ಮೇಲೆ ಇಲ್ಲದ್ದೂ ಕಾಣುವ ಕನ್ನಡಕ. ಕಾರ್ಲೆ ಮುಂದೆ ಯಾವ ಕಡೆ ತಿರುಗುತ್ತಾನೋ ಆ ದಾರಿ ಗಾಳಿಯಲ್ಲಿ ನೀಲಿಯಾಗಿ ಹರಡುತ್ತಿತ್ತು. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ, ಎಲ್ಲದರ ಮೇಲೂ ಬೆಳಕಿನ ಬಾಣ. ಜೊತೆಗಾರರ ತಲೆಯ ಮೇಲೆ ಅವರವರ ಹೆಸರು. ಇದನ್ನೆಲ್ಲ ಕಲಿಸಲು ಮುಖ್ಯ ಕಚೇರಿಯಿಂದ ಡಾಕ್ಟರ್ ಲಿಯೊನಿ ಫಾಸ್ ಎಂಬ ಎಂಜಿನಿಯರಮ್ಮ ಬಂದಿದ್ದಳು. ಬಿಳಿ ಬೂಟು, ಸದಾ ನಗು.

"ಡಾಕ್ಟರ್ ಗೀಕ್ಟರ್ ಎಲ್ಲಾ ಬೇಡಪ್ಪ, ನನ್ನ ಲಿಯೊನಿ ಅನ್ನಿ, ನೀನು ಅಂತ್ಲೇ ಮಾತಾಡ್ಸಿ" ಎಂದಳು. "ಮನುಷ್ಯ, ರೋಬೋಟು ಒಬ್ಬರನ್ನೊಬ್ಬರು ನೋಡ್ಬೇಕು, ನಂಬ್ಬೇಕು. ಒಂದೊಂದು ಪಂಪು ಶುರುವಾಗೋ ಮುಂಚೆ ಎರಡೂ ಅಂಗೈ ಬಿಚ್ಚಿ ತೋರ್ಸಿ. ಕಾರ್ಲೆ ನಿಮ್ಮ ಕೈ ಗುರ್ತು ಹಿಡೀತಾನೆ. ಹಸಿರು ಬಂದ ಮೇಲೆ ಕೆಲಸ. ಹಸಿರು ಬರೋವರೆಗೂ ಯಾರೂ ಏನೂ ಮುಟ್ಟಂಗಿಲ್ಲ. ಇದು ನಿಮ್ಮ ಸುರಕ್ಷತೆಯ ನಿಯಮ."

ಮೊದಲ ಬೆಳಿಗ್ಗೆ ಎಲ್ಲರೂ ಪೊಲೀಸರ ಮುಂದೆ ನಿಂತ ಕಳ್ಳರ ಹಾಗೆ ಕೈಯೆತ್ತಿದರು. ಎಲ್ಲರ ಅಂಗೈ ಸುತ್ತಲೂ ಹಸಿರು ಗೆರೆ ಮೂಡಿತು. "ಶುಭೋದಯ ನೆಬಿಯೆ. ಶುಭೋದಯ ಊವೆ" ಎಂದು ಅವರವರ ಕನ್ನಡಕದಲ್ಲಿ ಕಾರ್ಲೆಯ ಅಕ್ಷರ ಮೂಡಿತು. ರಾದ್ಕಾಳ ಬಲಗೈ ಹಸಿರಾಯಿತು. ಎಡಗೈಯ ಮೇಲೆ ಏನೂ ಮೂಡಲಿಲ್ಲ. ಕಣ್ಣ ಮುಂದೆ ಕೆಂಪಕ್ಷರ ಬಂತು.

ಕೈ ಸಿಗಲಿಲ್ಲ. ದಯವಿಟ್ಟು ನಿಮ್ಮ ಕೈ ತೋರಿಸಿ.

ತೋರಿಸಿದಳು. ತಿರುಗಿಸಿ ತೋರಿಸಿದಳು. ಕನ್ನಡಕಕ್ಕೆ ತಾಗುವಷ್ಟು ಹತ್ತಿರ ತಂದು ತೋರಿಸಿದಳು. ಎಣ್ಣೆ ಮೆತ್ತಿದೆಯೇನೋ ಎಂದು ಓಡಿಹೋಗಿ ಸೋಪು ಹಾಕಿ ತೊಳೆದು ಬಂದು ತೋರಿಸಿದಳು. ಕೈ ಸಿಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಇಲ್ಲಿ ಇಷ್ಟು ಬೆಲೆಯ ಕನ್ನಡಕ ಹಾಕಿದರೂ ಅಂಗೈಯೇ ಕಾಣುತ್ತಿರಲಿಲ್ಲ. ಕಾರ್ಲೆ ತೋಳು ಮಡಚಿ ನಿಂತುಬಿಟ್ಟ. ಅವಳ ಮೇಜು ಸಾಲಿನ ನಡುವೆ ಇತ್ತು. ಅದು ನಿಂತರೆ ಆಚೆಈಚೆಯ ಮೇಜುಗಳೂ ನಿಲ್ಲಬೇಕು.

"ಏನಾಯ್ತಮ್ಮ ಮತ್ತೆ?" ಎಂದು ಮುಂದಿನ ಮೇಜಿನ ಊವೆ ಕೂಗಿದ. ನಿಯಮದ ಮನುಷ್ಯ. ತನ್ನ ಕಾಫಿ ಲೋಟವನ್ನು ದಿನವೂ ಒಂದೇ ಗುರುತಿನ ಮೇಲೆ ಇಡುವವನು. "ಒಬ್ಬಳಿಂದ ಇಡೀ ಸಾಲು ಕೆಡ್ತಿದೆಯಲ್ಲ!"

"ನನ್ನ ಕೈ ಸಿಕ್ತಿಲ್ವಂತೆ" ಎಂದಳು ರಾದ್ಕಾ.

"ನಿನ್ನೆ ಎಲ್ಲಿಟ್ಟಿದ್ದೆ?" ಎಂದ ಊವೆ. ಸಾಲೆಲ್ಲ ನಕ್ಕಿತು. ನೆಬಿಯೆಯೂ ನಕ್ಕಳು, ಆಮೇಲೆ ತುಟಿ ಕಚ್ಚಿಕೊಂಡಳು. ರಾದ್ಕಾ ಕೈ ಕೆಳಗಿಳಿಸಿದಳು. ಎಲ್ಲಿಟ್ಟಿದ್ದಳು ಎಂಬುದು ಅಲ್ಲಿ ನಕ್ಕವರಿಗೆಲ್ಲ ಗೊತ್ತಿತ್ತು. ಆ ಪ್ರೆಸ್ ಯಂತ್ರ ಅಲ್ಲೇ ಗೋಡೆಯ ಪಕ್ಕ ಧಡ್ ಧಡ್ ಎನ್ನುತ್ತಿತ್ತು.

ಲಿಯೊನಿ ಫಾಸ್ ಬಂದು ಆ ಕೈಯನ್ನು ನೋಡಿ, ಮುಟ್ಟದೆ, ತಲೆಯಾಡಿಸಿದಳು. ಕಾರ್ಲೆಗೆ ಕೈ ಎಂದರೇನು ಎಂದು ಕಲಿಸಲು ತಮ್ಮ ಸಂಸ್ಥೆಯಲ್ಲಿ ಸಾವಿರಾರು ಕೈಗಳ ಚಿತ್ರ ತೆಗೆದಿದ್ದರಂತೆ. ವಿದ್ಯಾರ್ಥಿಗಳ ಕೈ, ಪ್ರೊಫೆಸರುಗಳ ಕೈ. ಎಲ್ಲ ಅಚ್ಚುಕಟ್ಟಾದ ಐದೈದು ಬೆರಳಿನ ಕೈ. ಕಾರ್ಖಾನೆಗಾಗಿ ಮಾಡಿದ ಯಂತ್ರಕ್ಕೆ ಕಾರ್ಖಾನೆಯ ಒಂದು ಕೈಯನ್ನೂ ತೋರಿಸಿರಲಿಲ್ಲ.

"ಅದಕ್ಕೆ ನನ್ನ ಕೈನೂ ಕಲಿಸಿ ಡಾಕ್ಟರಮ್ಮ" ಎಂದಳು ರಾದ್ಕಾ.

"ಲಿಯೊನಿ ಅನ್ನು. ಕಲಿಸ್ಬಹುದು, ಆದ್ರೆ ಅದೆಲ್ಲ ಅಷ್ಟು ಸುಲಭ ಅಲ್ಲ ಕಣೆ. ಒಂದು ವರ್ಷನಾದ್ರೂ ಹಿಡಿಯುತ್ತೆ. ಒಬ್ಬರಿಗೋಸ್ಕರ ಇಡೀ ವ್ಯವಸ್ಥೆ ಬದಲಾಯಿಸೋಕಾಗುತ್ತಾ?"

ಶ್ವೆಂಕ್ ರಾದ್ಕಾಳನ್ನು ಕಂಬದ ಮರೆಗೆ ಕರೆದ. "ನೋಡಮ್ಮ, ನನ್ನ ಮೇಲೆ ಬೇಜಾರ್ ಮಾಡ್ಕೋಬೇಡ. ಕೈ ಇಲ್ಲ ಅಂದ್ಮೇಲೆ ಕೈಕೆಲಸ ಹೆಂಗೆ? ತೊಟ್ಟಿ ತೊಳಿಯೋ ಕಡೆ ಹಾಕ್ತೀನಿ. ಅಲ್ಲಿ ಕಾರ್ಲೆ ಇಲ್ಲ."

"ಅಲ್ಲಿ ಕಾಯಂ ಮಾಡ್ತೀರಾ?"

"ತೊಟ್ಟಿ ತೊಳಿಯೋರ್ನ ಯಾರಾದ್ರೂ ಕಾಯಂ ಮಾಡ್ತಾರಾ?"

ಆ ಮಾತು ಆಡಿದ ಬಾಯಿಗೆ ಎಣ್ಣೆ ಒರೆಸುವ ಬಟ್ಟೆ ತುರುಕಬೇಕು ಎನಿಸಿತು ಅವಳಿಗೆ. ತುರುಕಲಿಲ್ಲ. "ಬೇರೆ ದಾರಿ ನೋಡಿ ಮೇಸ್ತ್ರಿಗಳೇ" ಎಂದು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ಆಮೇಲೆ ತನ್ನ ಮೇಲೆಯೇ ಉಗಿದುಕೊಂಡಳು.

ಬೇರೆ ದಾರಿಯನ್ನು ಲಿಯೊನಿ ಫಾಸ್ ಕಂಡುಹಿಡಿದಳು. ಕೆಲವೇ ದಿನಗಳಲ್ಲಿ ಒಂದು ಚಂದದ ಪೆಟ್ಟಿಗೆ ತಂದು ರಾದ್ಕಾಳ ಮುಂದಿಟ್ಟಳು. ಒಳಗೆ ಒಂದು ಕೈಗವಸು. ಅದರ ಎರಡು ಬೆರಳಿಗೆ ರಬ್ಬರು ತುಂಬಿತ್ತು. ಉಗುರು ಕೂಡ ಇತ್ತು, ಅದಕ್ಕೆ ತೆಳು ಗುಲಾಬಿ ಹೊಳಪು ಬೇರೆ. "ಯಾರನ್ನೂ ಹಿಂದೆ ಬಿಡಬಾರ್ದು ಅನ್ನೋದು ನಮ್ಮ ಕಂಪನಿಯ ಆಸೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹೆಂಗಸೇ. ಅದೇ ಕಷ್ಟ. ಕೆಟ್ಟವರಿಗೆ ಬೈದು ಹಗುರಾಗಬಹುದು.

ಕೈಗವಸು ಹಾಕಲು ಒಂದು ತೊಡಕಿತ್ತು. ಬೋಲ್ಟು ಬಿಗಿಯುವ ಗನ್ನು ಗಿರ್ರನೆ ತಿರುಗುವ ಜಾಗದಲ್ಲಿ ಕೈಗವಸು ಹಾಕಲೇಬಾರದು, ಬಟ್ಟೆ ಸುತ್ತಿಕೊಂಡು ಕೈ ಎಳೆದುಬಿಡುತ್ತದೆ. ಪ್ರತಿ ಮೇಜಿನ ಮೇಲೂ ಕೈಗವಸಿನ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದ ಫಲಕ ಇತ್ತು. ಶ್ವೆಂಕ್ ಏಣಿ ತರಿಸಿ ರಾದ್ಕಾಳ ಮೇಜಿನ ಫಲಕವನ್ನು ಮಾತ್ರ ಬಿಚ್ಚಿಸಿದ. ಬಿಚ್ಚಿಸುವುದರಲ್ಲಿ ಅವನ ಕೈ ಮೊದಲಿನಿಂದಲೂ ಮುಂದು.

ಸಂಜೆ ಬಸ್ಸಿಗೆ ಕಾಯುವಾಗ ರಾದ್ಕಾ ಆ ಪೆಟ್ಟಿಗೆಯನ್ನು ನೆಬಿಯೆಗೆ ತೋರಿಸಿದಳು. ನೆಬಿಯೆ ರಬ್ಬರು ಬೆರಳನ್ನು ಹಿಡಿದು ಅಲ್ಲಾಡಿಸಿದಳು.

"ಹಾಕ್ಕೊಂಡ್ಬಿಡೇ. ನಿಮ್ಮಪ್ಪನ ಗಂಟೇನು ಹೋಗುತ್ತೆ? ರಜೆವರೆಗೂ ತಾನೆ? ಕಾಯಂ ಆದ್ಮೇಲೆ ಅವಳ ಮುಖದ ಮೇಲೆ ಎಸಿ."

"ನಿನಗೆ ಹೇಳೋದು ಸುಲಭ."

"ಸುಲಭನೇ. ನನಗೆ ಹತ್ತೂ ಇದೆ. ಊವೆಗೂ ಹತ್ತಿದೆ, ಆ ಸಾಲು ನಿಂತಷ್ಟೂ ಅವನು ನಿನ್ನನ್ನ ಶಪಿಸ್ತಾನೆ. ನಾನೂ ಒಂದೊಂದ್ಸಲ ಶಪಿಸ್ತೀನಿ, ಸುಳ್ಳು ಯಾಕೆ ಹೇಳ್ಲಿ."

ರಾದ್ಕಾ ಪೆಟ್ಟಿಗೆ ಮುಚ್ಚಿದಳು. ಗೆಳತಿ ಎಂದರೆ ಹೀಗೆ ನಿಜ ಹೇಳಬೇಕು, ನಿಜ. ಆದರೂ ಮನಸ್ಸು ಹಿಂಡಿತು.

ಅವಳು ಕೈಗವಸು ಹಾಕಿದಳು. ಹಾಕುವುದಿಲ್ಲ ಎಂದು ಮೊದಲ ದಿನವೇ ಎದ್ದು ನಿಂತಳು ಎಂದು ಬರೆದರೆ ಓದುವವರಿಗೆ ಖುಷಿಯಾಗುತ್ತಿತ್ತು. ಆದರೆ ಮನೆ ಬಾಡಿಗೆ ಕೊಡುವವರು ಓದುವವರಲ್ಲ. ಹಾಕಿದಳು, ಕಾರ್ಲೆಗೆ ಅಂಗೈ ತೋರಿಸಿದಳು, ಹಸಿರು ಬಂತು. "ಶುಭೋದಯ ರಾದ್ಕಾ." ರಬ್ಬರಿಗೆ ಸಿಕ್ಕ ಆ ಶುಭೋದಯ ಅವಳ ಚರ್ಮಕ್ಕೆ ಯಾವತ್ತೂ ಸಿಕ್ಕಿರಲಿಲ್ಲ. ಗವಸಿನೊಳಗೆ ಬೆವರು ತುಂಬಿ ಮೊಂಡು ಬೆರಳ ಗಾಯದ ಗೆರೆ ಉರಿಯುತ್ತಿತ್ತು. ರಬ್ಬರು ಬೆರಳು ಅಡ್ಡ ಬಂದು ಬೋಲ್ಟು ಜಾರುತ್ತಿತ್ತು. ಸಂಜೆ ಗವಸು ಕಳಚಿದರೆ ಕೈ ನೀರಲ್ಲಿ ನೆನೆದ ಬ್ರೆಡ್ಡಿನ ಹಾಗೆ ಬಿಳಿಚಿರುತ್ತಿತ್ತು. ಸಾಲು ಮಾತ್ರ ನಿಲ್ಲಲಿಲ್ಲ. ಊವೆ ತಲೆಯಾಡಿಸಿ ಮೆಚ್ಚಿದ.

ಇಷ್ಟಾದ ಮೇಲೆ ಕಂಪನಿ ಸುಮ್ಮನಿರುತ್ತದೆಯೇ? ಮಾಡಿದ ದಾನವನ್ನು ಡಂಗುರ ಸಾರದಿದ್ದರೆ ದಾನ ಮಾಡಿ ಏನು ಬಂತು? ಕಾರ್ಮಿಕ ಖಾತೆಯ ಅತಿಥಿಗಳು ಬರುವವರಿದ್ದರು, ಕ್ಯಾಮೆರಾದವರೂ ಬರುವವರಿದ್ದರು. ಷೆಡ್ಡಿನ ಗೋಡೆಗೆ ದೊಡ್ಡ ಪರದೆ ಕಟ್ಟಿ, ಕನ್ನಡಕದೊಳಗೆ ಕಾಣುವುದೆಲ್ಲ ಅಲ್ಲೂ ಕಾಣುವಂತೆ ಮಾಡಿದರು. ಲಿಯೊನಿ ಫಾಸ್ ರಾದ್ಕಾಳಿಗೆ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು. "ತಂತ್ರಜ್ಞಾನ ನನ್ನ ಬೆರಳುಗಳನ್ನು ನನಗೆ ವಾಪಸ್ ಕೊಟ್ಟಿತು."

"ತಗೊಂಡಿದ್ದು ಯಾರು ಅಂತ ಕೇಳಿದ್ರೆ?" ಎಂದಳು ರಾದ್ಕಾ.

"ಯಾರೂ ಕೇಳಲ್ಲ" ಎಂದ ಪಕ್ಕದಲ್ಲಿದ್ದ ಶ್ವೆಂಕ್, ಬಹಳ ಬೇಗ.

ಆ ದಿನ ಅತಿಥಿಗಳು ಬಂದರು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡರು, ಕಾರ್ಲೆಯನ್ನು ನೋಡಿ ಮುಗುಳ್ನಕ್ಕರು. ಕ್ಯಾಮೆರಾ ನೇರ ರಾದ್ಕಾಳ ಮೇಜಿಗೆ ಬಂತು. ಅವಳು ಅಂಗೈ ತೋರಿಸಿದಳು. ಪರದೆಯ ಮೇಲೆ ಹತ್ತು ಬೆರಳಿನ ಹಸಿರು ಗೆರೆ ದೊಡ್ಡದಾಗಿ ಮೂಡಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವಳು ಗನ್ನು ಎತ್ತಿದಳು, ಎಡಗೈಯಿಂದ ಪಂಪಿನ ಬಾಯಿಗೆ ಕೂರಿಸುವ ರಬ್ಬರು ಉಂಗುರ ಹಿಡಿದಳು, ಗುಂಡಿ ಒತ್ತಿದಳು.

ಗವಸಿನ ಕಿರುಬೆರಳು ಗನ್ನಿಗೆ ಸುತ್ತಿಕೊಂಡಿತು. ಕೈಯನ್ನು ಬುಡಸಮೇತ ತಿರುಚಿ ಎಳೆಯಿತು. ರಾದ್ಕಾ ಕಿರುಚಿ ಹಿಂದಕ್ಕೆ ಜಗ್ಗಿದಳು. ಗವಸು ಕಳಚಿಕೊಂಡಿತು, ಅದೊಂದೇ ಪುಣ್ಯ. ಗನ್ನು ನಿಂತಿತು. ಅವಳ ಮಣಿಕಟ್ಟಿನ ಚರ್ಮ ಸುಲಿದು ರಕ್ತ ಜಿನುಗಿತು. ತಿರುಚಿದ ಗವಸು ಮೇಜಿನ ನಡುವೆ ಅಂಗೈ ಮೇಲಾಗಿ ಬಿತ್ತು. ತನಗೆ ಕಲಿಸಿಕೊಟ್ಟ ಹಾಗೆ ರಾದ್ಕಾ ತನ್ನ ಬರಿಗೈಯನ್ನು ಕನ್ನಡಕದ ಮುಂದೆ ಹಿಡಿದಳು. ಕೆಂಪಕ್ಷರ ಬಂತು. ಕೈ ಸಿಗಲಿಲ್ಲ.

ಆಮೇಲೆ ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಮೇಜಿನ ಮೇಲೆ ಬಿದ್ದ ಖಾಲಿ ಗವಸಿನ ಸುತ್ತ. ಅದರ ಮೇಲೆ ಅಕ್ಷರ ತೇಲಿತು. "ಕೈ ಸಿಕ್ಕಿತು. ರಾದ್ಕಾ ಸಿದ್ಧ." ಕಾರ್ಲೆ ತೋಳು ಬಿಚ್ಚಿ, ಪಂಪೊಂದನ್ನು ಎತ್ತಿ, ಬಹಳ ಮರ್ಯಾದೆಯಿಂದ ಗವಸಿನ ಮುಂದೆ ಇಟ್ಟ.

ಇಡೀ ಷೆಡ್ಡು ನೋಡಿತು. ಅತಿಥಿಗಳಲ್ಲಿ ಒಬ್ಬ ಇದೂ ಪ್ರದರ್ಶನದ ಭಾಗವಿರಬೇಕೆಂದು ಮತ್ತೆ ಚಪ್ಪಾಳೆ ತಟ್ಟಿದ. ರಾದ್ಕಾ ಗವಸು ನೋಡಿದಳು, ರಕ್ತ ಜಿನುಗುವ ತನ್ನ ಕೈ ನೋಡಿದಳು. ಇಷ್ಟು ವರ್ಷ ಈ ಷೆಡ್ಡಿನಲ್ಲಿ ತಾನು ಯಾರು ಎಂದು ಯಾರೂ ಅಷ್ಟು ಸ್ಪಷ್ಟವಾಗಿ ಬರೆದು ತೋರಿಸಿರಲಿಲ್ಲ.

"ಅದನ್ನ ಹಾಕ್ಕೋ, ಬೇಗ ಹಾಕ್ಕೋ" ಎಂದು ಶ್ವೆಂಕ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಕ್ಯಾಮೆರಾ ಓಡ್ತಿದೆ."

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ. ಇನ್ನು ಸಾಯೋವರೆಗೂ ಹಾಕಲ್ಲ. ಅದಕ್ಕೇ ಸಂಬಳ ಕೊಡಿ. ಸಿದ್ಧವಾಗಿದೆಯಂತಲ್ಲ."

"ತೊಟ್ಟಿ ತೊಳಿಯೋಕೆ ಹೋಗ್ತೀಯ ಹಂಗಾದ್ರೆ. ಈಗಲೇ."

ಹೋಗಬೇಕಾದ ಬಾಗಿಲು ಎದುರಿಗೇ ಇತ್ತು. ಆಗ ಪಕ್ಕದ ಮೇಜಿನ ಕಾರ್ಲೆಯ ಸದ್ದು ನಿಂತಿತು. ನೆಬಿಯೆ ಕೈಯೆತ್ತಿ ನಿಂತಿದ್ದಳು. ಅಂಗೈ ಬಿಚ್ಚಿತ್ತು, ಕಿರುಬೆರಳು ಉಂಗುರದ ಬೆರಳು ಎರಡೂ ಒಳಕ್ಕೆ ಮಡಚಿದ್ದವು.

"ಮೇಸ್ತ್ರಿಗಳೇ, ನನ್ನ ಕೈನೂ ಸಿಕ್ತಿಲ್ವಂತೆ ನೋಡಿ" ಎಂದಳು. "ಏನ್ಮಾಡೋದು?"

"ನಾಟಕ ಆಡ್ಬೇಡ ನೆಬಿಯೆ!"

"ಅಯ್ಯೋ, ನಾನೆಲ್ಲಿ ಆಡ್ಲಿ. ಕಾರ್ಲೆ ಹೇಳ್ತಿದಾನೆ. ಸಹೋದ್ಯೋಗಿ ಮಾತು ನಂಬ್ಬೇಕು ಅಂದಿದ್ರಿ."

ಎಲ್ಲರೂ ಊವೆಯ ಕಡೆ ನೋಡಿದರು. ಅವನು ನೆಬಿಯೆಯ ಹಾಗೆ ಮಾಡದಿದ್ದರೆ ಉಳಿದವರೂ ಮಾಡುತ್ತಿರಲಿಲ್ಲ. ಊವೆ ಇನ್ನೂ ಆ ಗವಸನ್ನೇ ನೋಡುತ್ತಿದ್ದ. ಅವನ ಮುಖ ಹುಳಿ ತಿಂದಂತಾಗಿತ್ತು. "ಇವತ್ತು ಅವಳ ಜಾಗದಲ್ಲಿ ಗವಸು" ಎಂದು ತನಗೆ ತಾನೇ ಎಂಬಂತೆ ಗೊಣಗಿದ. "ನಾಳೆ ನನ್ನ ಜಾಗದಲ್ಲಿ ಇಟ್ರೆ ಸಾಕಲ್ಲ." ಕನ್ನಡಕ ಸರಿಮಾಡಿಕೊಂಡು ಎರಡು ಬೆರಳು ಮಡಚಿ ಅಂಗೈ ಎತ್ತಿದ. ಆಮೇಲೆ ಸಾಲಿನ ಆ ಕೊನೆಯಿಂದ ಈ ಕೊನೆಯವರೆಗೆ, ಕಾಯಂ ಆದವರು, ಗುತ್ತಿಗೆಯವರು, ಒಬ್ಬೊಬ್ಬರೇ ಎತ್ತಿದರು. ಪರದೆಯ ತುಂಬ ಒಂದೇ ಕೆಂಪಕ್ಷರ.

ಶ್ವೆಂಕ್ ಕೂಗಿದ. ಇದು ಮುಷ್ಕರ, ಇದು ಕಾನೂನಿಗೆ ವಿರುದ್ಧ ಎಂದ. ಊವೆ ನೆಟ್ಟಗೆ ನಿಂತ. "ಮುಷ್ಕರ ಅಲ್ಲ. ನಿಯಮ. ಹಸಿರು ಬರೋವರೆಗೂ ಯಾರೂ ಏನೂ ಮುಟ್ಟಂಗಿಲ್ಲ." ಖಾಲಿ ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಜನ ಅವರು. ಅವರಿಗೆ ನಿಲ್ಲುವುದು ಹೇಗೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅತಿಥಿಗಳನ್ನು ಕಾಫಿಗೆ ಕರೆದುಕೊಂಡು ಹೋದರು. ಲಿಯೊನಿ ಫಾಸ್ ಪರದೆಯ ಹತ್ತಿರ ಓಡಿದಳು, ಫೋನಿನಲ್ಲಿ ಯಾರೊಂದಿಗೋ ಮಾತಾಡಿದಳು, ರಾದ್ಕಾಳ ಬಳಿ ಬಂದಳು. ಮೊದಲ ಬಾರಿಗೆ ಬಹುವಚನ ಬಂತು.

"ರಾದ್ಕಾ ಅವರೇ, ದಯವಿಟ್ಟು. ನಿಮ್ಮ ಕೈನ ಕಾರ್ಲೆಯ ಕ್ಯಾಮೆರಾ ಕೆಳಗೆ ಇಡಿ, ಬೇರೆ ಬೇರೆ ಕಡೆ ತಿರುಗ್ಸಿ. ನಾನೇ ಕಲಿಸ್ತೀನಿ ಅದಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತೆ."

"ಒಂದು ವರ್ಷ ಅಂದಿದ್ರಲ್ಲ."

ಲಿಯೊನಿ ಫಾಸ್ ಕೆಂಪಾದಳು. "ಆಗ ಅದು... ಅಷ್ಟು ಅವಸರದ್ದು ಅನ್ನಿಸಿರ್ಲಿಲ್ಲ."

ಅಂದರೆ ಒಂದು ಬೆಳಗಿನ ಕೆಲಸ. ಅದಕ್ಕೆ ಇಷ್ಟು ದಿನ ತನ್ನನ್ನು ನಗೆಗೀಡು ಮಾಡಿದರು, ರಬ್ಬರು ಹೊಲಿದು ತೊಡಿಸಿದರು, ಬೇಡಿಕೊಳ್ಳುವಂತೆ ಮಾಡಿದರು. ರಾದ್ಕಾಳಿಗೆ ಸಿಟ್ಟು ನೆತ್ತಿಗೇರಿತು. ಶ್ವೆಂಕ್ ಅವಳ ಮೊಣಕೈ ಹಿಡಿದು ಕಾರ್ಲೆಯ ಕಡೆ ಮೆಲ್ಲಗೆ ತಳ್ಳಿದ.

"ಹೋಗಮ್ಮ. ಕೈ ಕೊಡು. ಎಲ್ಲಾ ಸರಿ ಹೋಯ್ತಲ್ಲ."

ಅವಳು ಮೊಣಕೈ ಕೊಡವಿಕೊಂಡಳು. "ಕೊಡಲ್ಲ."

"ಮತ್ತೇನಮ್ಮ ಬೇಕು ನಿನಗೆ?"

"ಮೊದಲು ಕಾಯಂ ಮಾಡಿ. ಕಾಗದಕ್ಕೆ ಸಹಿ ಬಿದ್ದ ಮೇಲೆ ಕೈ. ನೀವು ಜಾಲರಿ ಬಿಚ್ಚಿಸಿದ ದಿನ ಎರಡು ಬೆರಳು ಬಿಟ್ಟಿ ಕೊಟ್ಟಿದ್ದೀನಿ ಮೇಸ್ತ್ರಿಗಳೇ. ಉಳಿದದ್ದು ಬಿಟ್ಟಿ ಕೊಡಲ್ಲ."

ಅವಳು ಮೆಲ್ಲಗೆ ಹೇಳಿರಲಿಲ್ಲ. ಸಾಲಿನ ಕೊನೆಯವರಿಗೂ ಕೇಳಿಸಿತ್ತು. ಕ್ಯಾಮೆರಾದವನು ಇನ್ನೂ ಅಲ್ಲೇ ಇದ್ದ. ಶ್ವೆಂಕ್ ಅವನ ಕಡೆ ಒಮ್ಮೆ ನೋಡಿದ. ಆಮೇಲೆ ಕಚೇರಿಯ ಮೆಟ್ಟಿಲ ಕಡೆ ನಡೆದ. ನಡೆಯುತ್ತಾ ನಡೆಯುತ್ತಾ ಓಡಿದ.

ನೆಬಿಯೆ ತನ್ನ ತಲೆವಸ್ತ್ರ ಬಿಚ್ಚಿ ರಾದ್ಕಾಳ ಮಣಿಕಟ್ಟಿಗೆ ಬಿಗಿದು ಕಟ್ಟಿದಳು. "ಅವತ್ತು ನಕ್ಕಿದ್ದಕ್ಕೆ ಬೈಯೇ" ಎಂದಳು. "ಆಮೇಲೆ ಬೈತೀನಿ" ಎಂದಳು ರಾದ್ಕಾ. ಕಟ್ಟಿದ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡು ತನ್ನ ಮೇಜಿನ ಮುಂದೆಯೇ ನಿಂತಳು. ಕಾರ್ಲೆ ಕೈ ತೋರಿಸಿ, ಕೈ ತೋರಿಸಿ ಎಂದು ಕೇಳುತ್ತಲೇ ಇದ್ದ. ಯಾರೂ ತೋರಿಸಲಿಲ್ಲ.